ಕುದುರೆಯ ಕಾಲಿಗೆ ಔಷಧಿ ಆಮೇಲೆ, ಮೊದಲು ಒಣ ನೆಲ

ಕಳೆದ ಮಳೆಗಾಲದಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರ ಹೊರಗೆ ಕುರಿಗಾರರು ಬೀಡುಬಿಟ್ಟಿದ್ದರು. ಅವರ ಸಾಮಾನು ಹೊರುವ ಕುದುರೆ ಒಂದು ಮುಂಗಾಲನ್ನು ನೆಲಕ್ಕೆ ಊರದೆ ನಿಂತಿತ್ತು. ಕೆಳಗೆ ಗೊರಸು ಮುಳುಗುವಷ್ಟು ಎರೆಮಣ್ಣಿನ ಕೆಸರು. "ಎರಡ ದಿನದಿಂದ ಎಣ್ಣಿ, ಅರಿಷಿಣ ಹಚ್ಚಾಕತ್ತೇವಿ ತಮ್ಮಾ, ಕುಂಟೂದು ಕಮ್ಮಿ ಆಗವಲ್ದು" ಎಂದರು ಹಿರಿಯರು.

ಹಚ್ಚಿದ್ದು ನಿಜ. ಆದರೆ ಹಚ್ಚಿದ ಮೇಲೂ ಕುದುರೆ ನಿಂತದ್ದು ಅದೇ ಕೆಸರಿನಲ್ಲಿ. ಅದು ಅವರ ತಪ್ಪಲ್ಲ. ಕಟ್ಟಲು ಒಣ ಜಾಗ ಕೇಳಿದಾಗ ಊರಿನಲ್ಲಿ ಯಾರೂ ಕೊಟ್ಟಿರಲಿಲ್ಲ. ಕುದುರೆ ಏಳದಿದ್ದರೆ ಬಿಡಾರ ಏಳದು, ಬಿಡಾರ ಏಳದಿದ್ದರೆ ಕುರಿಗೆ ಮೇವಿಲ್ಲ.

ಗೊರಸು ನಮ್ಮ ಉಗುರಿನಂತೆಯೇ. ದಿನಗಟ್ಟಲೆ ನೀರಿನಲ್ಲಿದ್ದರೆ ಮೆತ್ತಗಾಗುತ್ತದೆ. ಅಡಿಯಲ್ಲಿರುವ ತ್ರಿಕೋನದ ಮೆತ್ತೆಯ ಎರಡೂ ಬದಿ ಸಂದುಗಳಿವೆ. ಅಲ್ಲಿ ಕೆಸರು, ಸಗಣಿ ತುಂಬಿ ಗಾಳಿಯಾಡದಿದ್ದರೆ ಕೊಳೆತು ಕಪ್ಪಾಗಿ ನಾರುತ್ತದೆ. ಮೆತ್ತಗಾದ ಅಡಿಗೆ ಕಲ್ಲು, ಮೊಳೆ ತಾಗಿದರೆ ಒಳಗೆ ಕೀವು ಕಟ್ಟುತ್ತದೆ. ಗಟ್ಟಿ ಗೊರಸಿನೊಳಗೆ ಕೀವಿಗೆ ಹೊರಬರಲು ದಾರಿಯಿಲ್ಲ. ಹಾಗಾಗಿ ನಿನ್ನೆ ನಡೆದ ಕುದುರೆ ಇಂದು ಕಾಲೇ ಊರುವುದಿಲ್ಲ. ನೋಡಿದವರು ಮೂಳೆ ಮುರಿದಿದೆ ಎಂದುಕೊಳ್ಳುತ್ತಾರೆ.

ಮಳೆಗಾಲದಲ್ಲಿ ದಿನಕ್ಕೆರಡು ಬಾರಿ ಕಾಲೆತ್ತಿ ನೋಡಿ. ಮೊಂಡು ತುದಿಯ ಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಕೆಸರು ತೆಗೆಯಿರಿ. ತೊಳೆದರೆ ಬಟ್ಟೆಯಿಂದ ಪೂರ್ತಿ ಒರೆಸಿ. ಸಂದು ನಾರುತ್ತಿದ್ದರೆ, ಒಣಗಿದ ಮೇಲೆ ಪೊವಿಡೋನ್ ಅಯೋಡಿನ್ ಹಚ್ಚಿ. ಒದ್ದೆಯ ಮೇಲೆ ಹಚ್ಚಿದ್ದು ಕೆಸರಿನಲ್ಲೇ ತೊಳೆದುಹೋಗುತ್ತದೆ. ಸುಟ್ಟ ಆಯಿಲ್, ಬ್ಯಾಟರಿ ನೀರು, ಕಾದ ಕಬ್ಬಿಣದ ಬರೆ ಬೇಡವೇ ಬೇಡ. ಇವು ಇದ್ದ ಗಾಯವನ್ನು ದೊಡ್ಡದು ಮಾಡುತ್ತವೆ.

ಗೊರಸು ಬಿಸಿಯಾಗಿದ್ದು ಕಾಲು ಊರದಿದ್ದರೆ ಪಶುವೈದ್ಯರನ್ನೇ ಕರೆಯಬೇಕು. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯ ಕೇಳಬಹುದು. ಮೊಳೆ ಚುಚ್ಚಿದ್ದರೆ ಅದು ಎಲ್ಲಿ, ಯಾವ ದಿಕ್ಕಿಗೆ ಹೋಗಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದು ವೈದ್ಯರಿಗೆ ತೋರಿಸಿ. ಧನುರ್ವಾಯು ಇಂಜೆಕ್ಷನ್ ಬಗ್ಗೆ ಮರೆಯದೆ ಕೇಳಿ. ದನಕ್ಕಿಂತ ಕುದುರೆಗೆ ಧನುರ್ವಾಯು ಬೇಗ ತಗಲುತ್ತದೆ, ತಗಲಿದರೆ ಉಳಿಯುವುದು ಕಷ್ಟ.

ಆ ದಿನ ಬಂದ ವೈದ್ಯರು ಗೊರಸಿನ ಅಡಿಯನ್ನು ತುಸು ಕೆತ್ತಿದರು. ಕಪ್ಪು ಕೀವು ಸುರಿಯಿತು. ಹತ್ತಿ ಇಟ್ಟು, ಬಟ್ಟೆ ಸುತ್ತಿ, ಮೇಲೆ ದಪ್ಪ ಪ್ಲಾಸ್ಟಿಕ್ ಚೀಲ ಕಟ್ಟಿದರು. "ದಿನಾ ಬಿಚ್ಚಿ ಬದಲಿಸಿ, ಒಳಗೆ ನೀರು ನಿಲ್ಲಬಾರದು, ಒಣ ಜಾಗದಲ್ಲಿ ಕಟ್ಟಿ" ಎಂದರು. ಕಟ್ಟುವುದೆಲ್ಲಿ? ಕಡೆಗೆ ಒಬ್ಬ ರೈತರು ತಮ್ಮ ತಗಡಿನ ಶೆಡ್ಡಿನ ಮೂಲೆ ಬಿಟ್ಟುಕೊಟ್ಟರು. ಮರುದಿನ ಕುದುರೆ ಕಾಲು ಊರಿತು. ನಾಲ್ಕು ದಿನ ಅಲ್ಲೇ ಇತ್ತು, ಐದನೆಯ ದಿನ ಬಿಡಾರ ಎದ್ದಿತು.

ಆ ಕುದುರೆಯನ್ನು ಉಳಿಸಿದ್ದರಲ್ಲಿ ವೈದ್ಯರ ಪಾಲೆಷ್ಟೋ ಆ ಮೂಲೆಯ ಪಾಲೂ ಅಷ್ಟೇ. ಅದಕ್ಕೇ ನಾವು ಪಂಚಾಯಿತಿಗಳನ್ನು ಕೇಳುತ್ತಿದ್ದೇವೆ: ಊರ ಹೊರಗೆ ತುಸು ಎತ್ತರದ ಜಾಗದಲ್ಲಿ ಒಂದೆರಡು ಟ್ರ್ಯಾಕ್ಟರ್ ಗರಸು ಹಾಕಿಸಿ, ನೀರು ಹರಿದುಹೋಗಲು ಕಾಲುವೆ ತೆಗೆಸಿ, ಮೇಲೆ ನಾಲ್ಕು ತಗಡು ಹೊದಿಸಿ. ಕುರಿಗಾರರ ಕುದುರೆಗೂ ಆಯಿತು, ಟಾಂಗಾದ ಕುದುರೆಗೂ ಆಯಿತು, ಊರಿನ ಕುಂಟುವ ಎತ್ತಿಗೂ ಆಯಿತು.

ಮಾಲೀಕರಿಗೂ ಒಂದು ಮಾತು. ಕುಂಟುವ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ದಿನದ ದುಡಿಮೆಯಲ್ಲೇ ಮನೆ ನಡೆಸುವವರಿಗೆ ಇದು ಕಷ್ಟದ ಮಾತೆಂದು ನಮಗೆ ಗೊತ್ತು. ಆದರೆ ನಾಲ್ಕು ದಿನದ ಬಾಡಿಗೆ ಉಳಿಸಲು ಹೋಗಿ ಕುದುರೆಯನ್ನೇ ಕಳೆದುಕೊಂಡರೆ ಆ ಮನೆ ನಡೆಯುವುದು ಹೇಗೆ?

ನಿಮ್ಮೂರಿಗೆ ಈ ಮಳೆಗಾಲದಲ್ಲಿ ಕುರಿಗಾರರು ಬಂದರೆ ಹಾಲು, ಹಿಟ್ಟು ಕೊಡುವುದು ಹಾಗಿರಲಿ. ಮೊದಲು ಅವರ ಕುದುರೆ ಎಲ್ಲಿ ನಿಂತಿದೆ, ನೋಡಿ ಬನ್ನಿ.