ಬ್ಯಾಟರಿಗೆ ಬೇಕಾದದ್ದು ಬಿಸಿಯಲ್ಲ, ನೆರಳು

2024ರ ಜನವರಿಯಲ್ಲಿ ಅಮೆರಿಕದ ಶಿಕಾಗೋ ನಗರವನ್ನು ತೀವ್ರ ಶೀತಗಾಳಿ ಆವರಿಸಿದಾಗ ಚಾರ್ಜಿಂಗ್ ಕೇಂದ್ರಗಳ ಮುಂದೆ ವಿದ್ಯುತ್ ಕಾರುಗಳು ಸಾಲುಗಟ್ಟಿ ನಿಂತವು. ಕೆಲವು ಅಲ್ಲಿಯೇ ನಿಶ್ಚಲವಾದವು. ಆ ಸುದ್ದಿ ಜಗತ್ತಿನೆಲ್ಲೆಡೆ ಹರಡಿ, ವಿದ್ಯುತ್ ವಾಹನವೆಂದರೆ ಚಳಿಗೆ ಸೋಲುವ ಯಂತ್ರವೆಂಬ ಭಾವನೆಯನ್ನು ಬಿತ್ತಿತು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಕಾರು ಕೊಳ್ಳಬಯಸುವ ಕಬ್ಬು ಬೆಳೆಗಾರನಿಗೂ ಇಂಥ ಶಂಕೆ ಮೂಡುವುದು ಸಹಜ. ಆದರೆ ಈ ಬಯಲುಸೀಮೆಯ ಪ್ರಶ್ನೆ ಬೇರೆಯೇ ಆಗಿದೆ.

ಚಳಿಯಲ್ಲಿ ನಡೆಯುವುದೇನು? ಲೀಥಿಯಂ ಬ್ಯಾಟರಿಯೊಳಗಿನ ದ್ರಾವಣ ಶೀತದಲ್ಲಿ ಮಂದವಾಗುತ್ತದೆ, ಅಯಾನುಗಳ ಚಲನೆ ನಿಧಾನಗೊಳ್ಳುತ್ತದೆ. ಉಷ್ಣತೆ ಶೂನ್ಯಕ್ಕಿಂತ ಕೆಳಗಿರುವಾಗ ರಭಸದಿಂದ ಚಾರ್ಜ್ ಮಾಡಿದರೆ ಲೀಥಿಯಂ ಗ್ರಾಫೈಟಿನ ಒಳಸೇರದೆ ಅದರ ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತದೆ. ಬ್ಯಾಟರಿಗೆ ಶಾಶ್ವತ ಹಾನಿಯಾಗುತ್ತದೆ. ಆದ್ದರಿಂದ ಶೀತದೇಶಗಳ ಕಾರುಗಳು ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಂಡು ನಂತರವೇ ವಿದ್ಯುತ್ತನ್ನು ಪೂರ್ಣವಾಗಿ ಸ್ವೀಕರಿಸುತ್ತವೆ. ಪೆಟ್ರೋಲ್ ಎಂಜಿನ್ನು ವ್ಯರ್ಥವಾಗಿ ಚೆಲ್ಲುವ ಶಾಖದಿಂದಲೇ ಕಾರಿನ ಒಳಭಾಗ ಬೆಚ್ಚಗಾಗುತ್ತದೆ. ವಿದ್ಯುತ್ ಕಾರು ಆ ಶಾಖವನ್ನೂ ಬ್ಯಾಟರಿಯಿಂದಲೇ ತೆಗೆಯಬೇಕು. ಅಮೆರಿಕದ ವಾಹನ ಸಂಘ ಎಎಎ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಸುಮಾರು ಮೈನಸ್ 7 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಹೀಟರ್ ಬಳಸಿದಾಗ ಕಾರುಗಳು ಕ್ರಮಿಸುವ ದೂರ ಸರಾಸರಿ ಶೇ. 41ರಷ್ಟು ಕುಗ್ಗಿತು, ಹೀಟರ್ ಇಲ್ಲದಾಗ ಕುಗ್ಗಿದ್ದು ಶೇ. 12 ಮಾತ್ರ.

ಘಟಪ್ರಭೆಯ ಬಯಲಿನಲ್ಲಿ ಚಳಿಗಾಲದ ಮುಂಜಾವು ಎಷ್ಟೇ ತಣ್ಣಗಿದ್ದರೂ ಶೂನ್ಯದ ಸಮೀಪಕ್ಕೆ ಹೋಗದು. ಬೆಳಗಿನ ಚಾರ್ಜಿಂಗ್ ತುಸು ನಿಧಾನವಾಗಬಹುದು, ಅಷ್ಟೆ. ಇಲ್ಲಿಯ ನಿಜವಾದ ಪರೀಕ್ಷೆ ಚೈತ್ರ ವೈಶಾಖಗಳದು. ಚಳಿ ಕುಗ್ಗಿಸಿದ ಶಕ್ತಿ ಬೆಚ್ಚಗಾದೊಡನೆ ಮರಳುತ್ತದೆ. ಸೆಕೆಯಲ್ಲಿ ಕಳೆದ ಆಯುಷ್ಯ ಮರಳುವುದಿಲ್ಲ. ಉಷ್ಣತೆ ಏರಿದಂತೆ ಬ್ಯಾಟರಿಯೊಳಗಿನ ಅನಪೇಕ್ಷಿತ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ಪೂರ್ಣ ಚಾರ್ಜ್ ಆದ ಬ್ಯಾಟರಿಯನ್ನು ಸುಡುಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸುವುದು ಅದರ ಸವೆತವನ್ನು ಹೆಚ್ಚಿಸುತ್ತದೆ. ಎಎಎ ಪರೀಕ್ಷೆಯಲ್ಲಿಯೇ 35 ಡಿಗ್ರಿ ಸೆಕೆಯಲ್ಲಿ ಎ.ಸಿ. ಬಳಸಿದಾಗ ದೂರ ಶೇ. 17ರಷ್ಟು ಕುಗ್ಗಿತ್ತು, ಇಲ್ಲಿಯ ಬೇಸಿಗೆ ಆ ಮಟ್ಟವನ್ನು ದಾಟುವ ದಿನಗಳು ಅನೇಕ. ಭಾರತದ ಅನೇಕ ಕಾರುಗಳಲ್ಲಿರುವ ಲೀಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಚಳಿಯಲ್ಲಿ ದುರ್ಬಲವಾದರೂ ಸೆಕೆಯನ್ನು ಹೆಚ್ಚು ತಾಳುತ್ತದೆಂಬುದು ಸಮಾಧಾನದ ಸಂಗತಿ. ಆದರೂ 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದಾಗ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಬೇಕಾಯಿತು.

ಇನ್ನು ಚಾರ್ಜಿಂಗ್ ವಿಚಾರ. 30 ಯೂನಿಟ್ ಸಾಮರ್ಥ್ಯದ ಬ್ಯಾಟರಿಯನ್ನು ಮನೆಯ 15 ಆಂಪಿಯರ್ ಸಾಕೆಟ್ಟಿನಿಂದ ತುಂಬಿಸಲು ಸುಮಾರು 10 ಗಂಟೆ ಬೇಕು. ರೈತರ ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆಯ ತ್ರೀಫೇಸ್ ವಿದ್ಯುತ್ತೆಂಬುದು ಸರ್ಕಾರದ ಘೋಷಿತ ಲೆಕ್ಕ. ಅಂಥ ಊರಿನಲ್ಲಿ ಸಂಜೆ ಮನೆಗೆ ಬಂದ ಕಾರುಗಳೆಲ್ಲ ಒಮ್ಮೆಲೇ ತಂತಿಗೆ ಜೋತುಬಿದ್ದರೆ ಟ್ರಾನ್ಸ್‌ಫಾರ್ಮರಿನ ಭಾರ ಹೊರುವವರು ಯಾರು? ರಾತ್ರಿಯ ಬೇಡಿಕೆ ಹೆಚ್ಚಿದಷ್ಟೂ ಕೂಡಗಿಯಂಥ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿಯಬೇಕು. ಇಲ್ಲವೇ ಹಗಲಿನ ವಿದ್ಯುತ್ತನ್ನು ಸಂಜೆಗೆ ಕಾದಿಡುವ ಹೆಸರಿನಲ್ಲಿ ಶರಾವತಿ ಕಣಿವೆಯ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯಂಥವು ಸಹ್ಯಾದ್ರಿಯ ಕಾಡಿಗೆ ಕೈಹಾಕುತ್ತವೆ. ಹೊಗೆರಹಿತ ಕಾರಿನ ಹೊಗೆ ಎಲ್ಲಿ ಏಳುತ್ತದೆ, ಯಾರ ಮರ ಉರುಳುತ್ತದೆ ಎಂಬ ಲೆಕ್ಕವನ್ನು ಬಿಟ್ಟು ಅದನ್ನು ಹಸಿರೆಂದು ಕರೆಯಲಾಗದು.

ಪರಿಹಾರ ಸಮಸ್ಯೆಯ ಮೂಲದಲ್ಲಿಯೇ ಇದೆ. ಸುಡುವ ಸೂರ್ಯನೇ ವಿದ್ಯುತ್ತನ್ನೂ ಕೊಡಬಲ್ಲ. ಮೂರು ಕಿಲೋವ್ಯಾಟ್ ಸೌರಫಲಕದ ಒಂದು ಚಪ್ಪರ ಬಿಸಿಲಿನ ದಿನದಲ್ಲಿ ಸುಮಾರು 12 ಯೂನಿಟ್ ನೀಡುತ್ತದೆ; ಸಾಧಾರಣ ಕಾರೊಂದು ಅದರಿಂದ 70–80 ಕಿಲೋಮೀಟರ್ ಓಡಬಲ್ಲದು. ಅದೇ ಚಪ್ಪರದ ಕೆಳಗೆ ನಿಂತ ಕಾರಿಗೆ ನೆರಳೂ ಸಿಗುತ್ತದೆ. ಸಂತೆಕಟ್ಟೆ, ಬಸ್ ನಿಲ್ದಾಣ, ಕಾಲೇಜು, ಸಕ್ಕರೆ ಕಾರ್ಖಾನೆಗಳ ಅಂಗಳಗಳಲ್ಲಿ ಇಂಥ ಹಗಲಿನ ಚಾರ್ಜಿಂಗ್ ಚಪ್ಪರಗಳನ್ನು ಕಟ್ಟಬಹುದು. ಮಳೆಗಾಲದಲ್ಲಿ ಇಳುವರಿ ತಗ್ಗುವುದರಿಂದ ಜಾಲದ ಆಸರೆ ಬೇಕೇ ಬೇಕು, ಆದರೆ ಅದರ ಮೇಲಿನ ಭಾರ ಹಗುರಾಗುತ್ತದೆ.

ಹೊಸ ಶಕ್ತಿಯನ್ನು ಸ್ವೀಕರಿಸುವುದು ಈ ನೆಲಕ್ಕೆ ಹೊಸದೇನಲ್ಲ. 1887ರಲ್ಲಿಯೇ ಗೋಕಾಕ ಜಲಪಾತದ ಬಲದಿಂದ ನೂಲಿನ ಗಿರಣಿ ತಿರುಗಿತು. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ವಿದ್ಯುತ್ ವಿತರಣೆ ಬಳಕೆದಾರರ ಸ್ವಂತ ಸಂಸ್ಥೆಯಿಂದಲೂ ಸಾಧ್ಯವೆಂದು ತೋರಿಸಿದೆ. ಹಗಲಿನ ಚಾರ್ಜಿಂಗಿಗೆ ಅಗ್ಗದ ದರ, ಪಂಪ್‌ಸೆಟ್ಟಿನ ಪಾಲಿಗೆ ಕುತ್ತು ತಾರದ ವೇಳಾಪಟ್ಟಿ, ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ವ್ಯವಸ್ಥೆ ಇವುಗಳನ್ನು ಗ್ರಾಮಸಭೆಗಳು ಈಗಲೇ ಕೇಳಬೇಕು. ಕಾರು ಮಾರುವವರು 40 ಡಿಗ್ರಿ ಸೆಕೆಯಲ್ಲಿ ಎಷ್ಟು ದೂರ, ಎಷ್ಟು ವರ್ಷ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಬೇಕು. ಶಿಕಾಗೋದ ಚಳಿಗೆ ಅಂಜುತ್ತ ಕುಳಿತರೆ ಮನೆಯಂಗಳದ ಬಿಸಿಲನ್ನು ಎದುರಿಸಲೂ ಆಗದು, ದುಡಿಸಿಕೊಳ್ಳಲೂ ಆಗದು.