ಕಸಿಯಾದವರಿಗೆ ನೆಗಡಿ ಹಗುರವಲ್ಲ

‘ನೆಗಡಿಯಂಥ ರೋಗವಿಲ್ಲ’ ಎಂಬುದು ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡವರ ಮಟ್ಟಿಗೆ ಬರೀ ಗಾದೆಯಲ್ಲ. ಕಸಿಗೆ ಮುನ್ನ ಕೊಡುವ ತೀವ್ರ ಔಷಧ ಹಳೆಯ ಮಜ್ಜೆಯ ಜೊತೆಗೆ ರೋಗನಿರೋಧಕ ಶಕ್ತಿಯನ್ನೂ ಅಳಿಸುತ್ತದೆ. ಅದು ಮರಳಲು ವರ್ಷವೋ ಇನ್ನೂ ಹೆಚ್ಚೋ ಬೇಕು. ಅಲ್ಲಿಯವರೆಗೆ ಫ್ಲೂ, ಆರ್‌ಎಸ್‌ವಿಯಂಥ ವೈರಸ್‌ಗಳು ಮೂಗಿನಿಂದ ಶ್ವಾಸಕೋಶಕ್ಕಿಳಿದು ಜೀವಕ್ಕೇ ಕುತ್ತು ತರಬಹುದು.

ಬೆಂಗಳೂರು, ವೆಲ್ಲೂರುಗಳಲ್ಲಿ ಕಸಿ ಮಾಡಿಸಿಕೊಂಡು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಊರುಗಳಿಗೆ ಮರಳಿದವರು ದಂಡಿನ ಮಾರಮ್ಮನ ಜಾತ್ರೆ, ಶನಿಮಹಾತ್ಮನ ಗುಡಿಯ ನೂಕುನುಗ್ಗಲು, ಕಿಕ್ಕಿರಿದ ಬಸ್ಸುಗಳಿಂದ ದೂರವಿರಬೇಕು. ನೆಗಡಿಯಾದ ನೆಂಟರು ಹೊಸ್ತಿಲಾಚೆಯೇ ನಿಂತು ಮಾತಾಡಿಸಲಿ. ಮನೆಮಂದಿ ವರ್ಷಕ್ಕೊಮ್ಮೆ ಫ್ಲೂ ಚುಚ್ಚುಮದ್ದು ಹಾಕಿಸಿಕೊಳ್ಳಲಿ. ಕೆಮ್ಮು, ಜ್ವರ ಕಂಡರೆ ಕಷಾಯ ಕುಡಿಸಿ ಕಾಯದೆ, ಅಂದೇ ಕಸಿ ಮಾಡಿದ ಆಸ್ಪತ್ರೆಗೆ ತಿಳಿಸಿ. ಫ್ಲೂ ಮಾತ್ರೆ ಮೊದಲ 2 ದಿನಗಳಲ್ಲಿ ಕೊಟ್ಟರೆ ಹೆಚ್ಚು ಗುಣಕಾರಿ.