ಬೆನ್ನು ಬಗ್ಗಿಸಿದ್ದು ಹಣೆಬರಹವಲ್ಲ, ಗಿಡ್ಡ ಹಿಡಿ

ಊರಿನ ಪಾದಗಳನ್ನೆಲ್ಲ ಅಳೆದವರು ನಮ್ಮವರು. ಯಾರ ಹೆಬ್ಬೆರಳು ದಪ್ಪ, ಯಾರ ಹಿಮ್ಮಡಿ ಒಡೆದಿದೆ, ಯಾರಿಗೆ ಆಣಿ ಎದ್ದಿದೆ ಅಂತ ನೋಡಿ, ಕಾಲಿಗೆ ಒತ್ತದ ಹಾಗೆ ಮೆಟ್ಟು ಹೊಲಿದು ಕೊಟ್ಟವರು ನಮ್ಮ ಸಮಗಾರರು, ಮಾದಿಗರು. ಆ ಮೆಟ್ಟನ್ನು ತಾವೇ ಮೆಟ್ಟಿಕೊಂಡು ಗೌಡರ ಬೀದಿಯಲ್ಲಿ ನಡೆಯೋ ಹಾಗಿರಲಿಲ್ಲ, ಆ ಮಾತು ಬೇರೆ. ಮೈ ನೋಡಿ ವಸ್ತು ಮಾಡಬೇಕು, ವಸ್ತುವಿಗಾಗಿ ಮೈ ಮುರಿಯಬಾರದು ಅನ್ನೋದು ನಮ್ಮ ಕೇರಿಗೆ ಗೊತ್ತಿದ್ದ ವಿದ್ಯೆ. ತಲೆ ಮೇಲಿನ ಸಿಂಬಿಯೂ ಅದೇ ವಿದ್ಯೆ. ಈಗ ಅದಕ್ಕೆ ಎರ್ಗನಾಮಿಕ್ಸ್ ಅಂತ ಹೆಸರಿಟ್ಟು ದೊಡ್ಡ ಕಾಲೇಜುಗಳಲ್ಲಿ ಕಲಿಸ್ತಾರೆ. ಹೆಸರು 1857ರಲ್ಲಿ ಪೋಲೆಂಡಿನ ವಿಜ್ಞಾನಿಯೊಬ್ಬ ಇಟ್ಟದ್ದು. ವಿದ್ಯೆ ಅದಕ್ಕಿಂತ ಹಳೇದು.

ನಮ್ಮ ಪ್ರಶ್ನೆ ಒಂದೇ. ಊರಿನ ಪಾದಕ್ಕೆ ಅಳತೆ ಹಿಡಿದವರ ಬೆನ್ನಿಗೆ ಅಳತೆ ಹಿಡಿದವರು ಯಾರು?

ಪೌರಕಾರ್ಮಿಕ ಹೆಂಗಸಿನ ಕೈಲಿರೋ ಕಡ್ಡಿ ಪೊರಕೆ ನೋಡಿ. ಅದನ್ನು ನೆಲಕ್ಕೆ ಊರಿ ನಿಲ್ಲಿಸಿದರೆ ಮೊಣಕಾಲಿನಿಂದ ಸ್ವಲ್ಪ ಮೇಲೆ ಬರ್ತದೆ. ಮನೆಯ ಅಂಗಳಕ್ಕೆ ಕಟ್ಟಿದ ಪೊರಕೆ ಅದು. ಅದನ್ನೇ ಕೊಟ್ಟು ಮೈಲುಗಟ್ಟಲೆ ಟಾರು ರಸ್ತೆ ಗುಡಿಸು ಅಂತಾರೆ. ಆಕೆ ಬೆಳಗಿನ ಜಾವದಿಂದ ಸೊಂಟ ಮುರಿದುಕೊಂಡು ನಡೀಬೇಕು. ಸ್ವೀಡನ್ನಿನ ಡಾಕ್ಟರು ಆಲ್ಫ್ ನಾಖೆಮ್ಸನ್ 1960ರ ದಶಕದಲ್ಲಿ ಬದುಕಿರೋ ಮನುಷ್ಯರ ಬೆನ್ನುಮೂಳೆಯ ಬಿಲ್ಲೆಗೆ ಸೂಜಿ ತೂರಿಸಿ ಒತ್ತಡ ಅಳೆದರು. ನೆಟ್ಟಗೆ ನಿಂತಾಗಿನ ಒತ್ತಡ 100 ಅಂತ ಇಟ್ಟುಕೊಂಡರೆ, ಮುಂದಕ್ಕೆ ಬಗ್ಗಿದಾಗ 150. ಭಾರ ಹಿಡಿದು ಬಗ್ಗಿದಾಗ 220. ಗುಡಿಸಿದ ಮೇಲೆ ಕಸದ ಮಂಕರಿ ಎತ್ತೋದು ಯಾವ ಲೆಕ್ಕಕ್ಕೆ ಬರ್ತದೆ ಅಂತ ನೀವೇ ಹೇಳಿ. "ಅವರಿಗೆ ಅಭ್ಯಾಸ ಆಗಿದೆ ಬಿಡ್ರಿ" ಅನ್ನೋ ಬಾಬುಗಳು ಅರ್ಧ ಗಂಟೆ ಬಗ್ಗಿ ನೋಡಲಿ. ಮೂಳೆಗೆ ಅಭ್ಯಾಸ ಅನ್ನೋದಿಲ್ಲ, ಸವೆಯೋದು ಮಾತ್ರ ಗೊತ್ತು.

ಉದ್ದ ಹಿಡಿ ಕೇಳಿದರೆ ಬರೋ ಉತ್ತರಗಳು ನಮಗೆ ಬಾಯಿಪಾಠ ಆಗಿವೆ. ಉದ್ದ ಹಿಡಿಯಲ್ಲಿ ಮೂಲೆ ಕಸ ಬರಲ್ಲ, ಕೆಲಸ ನಿಧಾನ ಆಗ್ತದೆ, ದುಡ್ಡಿಲ್ಲ. ಇದೇ ಮಾತನ್ನು ಹಿಂದೆ ಅಮೆರಿಕದ ಸಾಹುಕಾರರೂ ಆಡಿದ್ದರು. ಕ್ಯಾಲಿಫೋರ್ನಿಯಾದ ಲೆಟ್ಯೂಸ್ ಸೊಪ್ಪು, ಬೀಟ್ ಹೊಲಗಳಲ್ಲಿ ದುಡಿದವರು ಮೆಕ್ಸಿಕೋ, ಫಿಲಿಪೀನ್ಸ್ ಮೂಲದ ಬಡ ಕೂಲಿಗಳು. ಅವರ ಕೈಗೆ ಕೊಡ್ತಿದ್ದದ್ದು ಒಂದೆರಡು ಅಡಿ ಕಾವಿನ ಗುದ್ದಲಿ. ಕೂಲಿಗಳು ಅದಕ್ಕೆ 'ಎಲ್ ಕೋರ್ತಿತೋ' ಅಂತಿದ್ದರು. ನಮ್ಮ ಮಾತಲ್ಲಿ ಹೇಳೋದಾದರೆ 'ಗಿಡ್ಡ'. ಅಲ್ಲಿನ ಕೂಲಿಕಾರರ ಸಂಘ ಕಟ್ಟಿದ ಸೀಸರ್ ಚಾವೆಜ್ ಅದೇ ಗಿಡ್ಡ ಹಿಡಿದು ದುಡಿದವರು, ಸಾಯೋತನಕ ಬೆನ್ನುನೋವು ಉಂಡವರು. ಉದ್ದ ಕಾವು ಕೊಟ್ಟರೆ ಸಸಿ ಹಾಳಾಗ್ತದೆ ಅಂತ ಸಾಹುಕಾರರ ವಾದ. ಒಳಗಿನ ಗುಟ್ಟು ಬೇರೆ ಇತ್ತು. ಗಿಡ್ಡ ಹಿಡಿದವನು ಬಗ್ಗಿದ್ದರೆ ದುಡೀತಿದ್ದಾನೆ, ಎದ್ದು ನಿಂತರೆ ಸುಮ್ಮನಿದ್ದಾನೆ. ಮೇಸ್ತ್ರಿಗೆ ಹೊಲದ ಅಂಚಿನಿಂದಲೇ ಎಲ್ಲ ಕಾಣ್ತದೆ. ಆ ಕಾವು ಹೊಲಕ್ಕೆ ತಕ್ಕ ಅಳತೆಯಲ್ಲ, ಮೇಸ್ತ್ರಿ ಕಣ್ಣಿಗೆ ತಕ್ಕ ಅಳತೆ.

ಕೂಲಿಗಳ ಪರ ವಕೀಲರು 1972ರಲ್ಲಿ ಅರ್ಜಿ ಹಾಕಿದರು. ಡಾಕ್ಟರುಗಳು ಬಂದು ಸಾಕ್ಷಿ ನುಡಿದರು. ಸುರಕ್ಷತಾ ಮಂಡಳಿ ಏನಂದಿತು ಗೊತ್ತೆ? ಕಾವು ಮುರಿದಿದ್ದರೆ, ಅಲಗು ಸಡಿಲವಾಗಿದ್ದರೆ ಅಪಾಯದ ಸಾಮಾನು ಅಂತೀವಿ, ಈ ಗುದ್ದಲಿ ಗಟ್ಟಿಯಾಗಿಯೇ ಇದೆಯಲ್ಲ ಅಂತ ಅರ್ಜಿ ತಳ್ಳಿಹಾಕಿತು. 1975ರ ಜನವರಿಯಲ್ಲಿ ಅಲ್ಲಿನ ರಾಜ್ಯದ ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಸಾಮಾನು ಮುರಿಯದೆ ಇದ್ದರೂ, ಹಿಡಿಯಬೇಕಾದ ರೀತಿಯಲ್ಲೇ ಹಿಡಿದರೂ, ಅದು ಮನುಷ್ಯನ ಮೈ ಮುರಿದರೆ ಅಪಾಯದ್ದೇ ಅಂದಿತು. ಅದೇ ವರ್ಷ ಗಿಡ್ಡ ಗುದ್ದಲಿಗೆ ನಿಷೇಧ ಬಿತ್ತು. ಸೊಪ್ಪು ಬೆಳೆಯೋದೇನೂ ನಿಲ್ಲಲಿಲ್ಲ. ಆದರೆ ಗುದ್ದಲಿಗೆ ನಿಷೇಧ ಬಿದ್ದ ಮೇಲೂ ಕೂಲಿಗಳನ್ನು ಬಗ್ಗಿಸಿ ಬರಿಗೈಲಿ ಕಳೆ ಕೀಳಿಸೋದು ಉಳೀತು. ಅದನ್ನು ತಡೆಯೋ ನಿಯಮಕ್ಕೆ 2004ರವರೆಗೆ ಕಾಯಬೇಕಾಯ್ತು. ಸಾಮಾನು ಬದಲಾದರೂ ದೊರೆತನ ತಾನಾಗಿ ಬದಲಾಗಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಅಳೆಯೋಕೆ ಬರಲ್ಲ ಅನ್ನೋ ನೆಪ ಯಾರೂ ಹೇಳೋ ಹಾಗಿಲ್ಲ. 1950ರಲ್ಲಿ ಅಮೆರಿಕದ ವಾಯುಪಡೆ 4,063 ಪೈಲಟ್‌ಗಳ ಮೈ ಅಳೆಸಿತು. ಹತ್ತು ಅಳತೆಯಲ್ಲೂ ಸರಾಸರಿಗೆ ಹೊಂದುವವರು ಎಷ್ಟು ಜನ ಅಂತ ಗಿಲ್ಬರ್ಟ್ ಡೇನಿಯಲ್ಸ್ ಎಂಬಾತ ಲೆಕ್ಕ ಹಾಕಿದ. ಒಬ್ಬನೂ ಸಿಗಲಿಲ್ಲ. ಆಮೇಲೆ ಸೀಟನ್ನು ಕೂರುವವನ ಮೈಗೆ ತಕ್ಕಂತೆ ಸರಿಸೋ ಹಾಗೆ ಮಾಡಿದರು. ನಮ್ಮ ದೇಶದಲ್ಲೂ ಅಳತೆ ಇದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಿಂದ 1997ರಲ್ಲಿ ಭಾರತೀಯರ ಮೈಯಳತೆಯ ಪುಸ್ತಕ ಬಂತು. ಭೋಪಾಲಿನ ಕೇಂದ್ರ ಕೃಷಿ ಇಂಜಿನಿಯರಿಂಗ್ ಸಂಸ್ಥೆ 2009ರಲ್ಲಿ ಹೊಲದಲ್ಲಿ ದುಡಿಯೋ ಗಂಡಸರು, ಹೆಂಗಸರು ಇಬ್ಬರ ಅಳತೆ, ಬಲ ಎರಡನ್ನೂ ಅಚ್ಚು ಹಾಕಿಸಿತು. ಪುಸ್ತಕ ಬೀರುವಿನಲ್ಲಿದೆ. ಪೊರಕೆ ಕೊಳ್ಳೋ ಟೆಂಡರಿಗೂ ಆ ಬೀರುವಿಗೂ ಹಾದಿ ಇಲ್ಲ. ನಾವು ನೋಡಿದ ಟೆಂಡರ್ ಕಾಗದಗಳಲ್ಲಿ ಪೊರಕೆಯ ಬೆಲೆ ಇತ್ತು, ಹಿಡಿಯೋಳ ಎತ್ತರ ಇರಲಿಲ್ಲ. ಒಂದು ನಗರಸಭೆಯಲ್ಲಿ ಹಂಚಿದ ಗ್ಲೌಸು ನಮ್ಮ ಹೆಣ್ಣುಮಕ್ಕಳ ಬೆರಳಿಗಿಂತ ಒಂದು ಗೆಣ್ಣು ಉದ್ದ. ಹಾಕಿಕೊಂಡರೆ ಪೊರಕೆ ಜಾರ್ತದೆ, ಬಿಚ್ಚಿದರೆ "ಕೊಟ್ಟರೂ ಹಾಕ್ಕೊಳ್ಳಲ್ಲ" ಅಂತ ಬೈಗುಳ. ಅಳತೆ ತಪ್ಪಿದ್ದು ಕೊಂಡವನದ್ದು, ಬೈಸಿಕೊಳ್ಳೋದು ತೊಟ್ಟವಳು. ಕೆಲವು ಕಡೆ ಅವರೇ ಪೊರಕೆಗೆ ಬಿದಿರು ಗಳ ಕಟ್ಟಿಕೊಂಡು ನೆಟ್ಟಗೆ ನಿಂತು ಗುಡಿಸ್ತಿದ್ದಾರೆ. ಯಾವ ಡಿಗ್ರಿಯೂ ಇಲ್ಲದ ಎರ್ಗನಾಮಿಕ್ಸ್ ಅದು. ಆ ಬಿದಿರಿನ ದುಡ್ಡೂ ಅವರದೇ.

ಆದರೆ ಬಂಧುಗಳೇ, ವಿಜ್ಞಾನ ಅಂದಕೂಡಲೇ ಕೈಮುಗಿಯೋದು ಬೇಡ. ಅಳತೆಪಟ್ಟಿ ಯಾರ ಕೈಲಿದೆ ಅಂತ ನೋಡಬೇಕು. ಟೇಲರ್ ಎಂಬ ಅಮೆರಿಕದ ಇಂಜಿನಿಯರು ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಸಲಿಕೆಯನ್ನು ಅಧ್ಯಯನ ಮಾಡಿದ. ಒಂದು ಸಲಿಕೆಗೆ 21 ಪೌಂಡು, ಅಂದರೆ ಸುಮಾರು ಒಂಬತ್ತೂವರೆ ಕಿಲೊ ತುಂಬಿದರೆ ದಿನದ ಕೆಲಸ ಅತಿ ಹೆಚ್ಚು ಆಗ್ತದೆ ಅಂತ ಕಂಡ. ಒಂದೊಂದು ಸರಕಿಗೂ ಒಂದೊಂದು ಸಲಿಕೆ ಮಾಡಿಸಿದ. ಅವನೇ 1911ರಲ್ಲಿ ಬರೆದ ಲೆಕ್ಕ ನೋಡಿ. ಒಬ್ಬ ಆಳು ದಿನಕ್ಕೆ ಎತ್ತುತ್ತಿದ್ದ 16 ಟನ್ನು 59 ಟನ್ನಾಯ್ತು. ಕೂಲಿ 1 ಡಾಲರ್ 15 ಸೆಂಟಿನಿಂದ 1 ಡಾಲರ್ 88 ಸೆಂಟಿಗೆ ಏರಿತು. 400ರಿಂದ 600 ಇದ್ದ ಆಳುಗಳು 140ಕ್ಕೆ ಇಳಿದರು. ಕೆಲಸ ಮೂರೂವರೆ ಪಟ್ಟು ದಾಟಿತು, ಕೂಲಿ ಎರಡು ಪಟ್ಟನ್ನೂ ಮುಟ್ಟಲಿಲ್ಲ, ಮಿಕ್ಕವರು ಬೀದಿಗೆ ಬಿದ್ದರು. ನಾಳೆ ನಮಗೆ ಉದ್ದ ಹಿಡಿ ಕೊಟ್ಟು, "ಈಗ ಸಲೀಸಾಯ್ತಲ್ಲ, ಇನ್ನೆರಡು ಬೀದಿ ಗುಡಿಸು" ಅಂದರೆ? ಹಿಡಿಯ ಉದ್ದದ ಜೊತೆಗೆ ಬೀದಿಯ ಉದ್ದಕ್ಕೂ ಲೆಕ್ಕ ಬೇಕು. 500 ಜನಕ್ಕೆ ಒಬ್ಬ ಪೌರಕಾರ್ಮಿಕ ಅಂತ ಐ.ಪಿ.ಡಿ. ಸಾಲಪ್ಪ ವರದಿ ಹೇಳಿದ್ದು ಸುಮ್ಮನೆ ಅಲ್ಲ. ಬಾಬಾಸಾಹೇಬರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ಕಾರ್ಖಾನೆಯ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ಕಾನೂನು 1946ರಲ್ಲಿ ಬಂತು. ಗಂಟೆಯೂ ಒಂದು ಅಳತೆಯೇ.

ಇನ್ನೊಂದು ಮಾತು, ಇದರಲ್ಲಿ ರಾಜಿ ಇಲ್ಲ. ಎಲ್ಲ ಸಾಮಾನನ್ನೂ ಸುಧಾರಿಸಬೇಕು ಅಂತ ನಾವು ಹೇಳಲ್ಲ. ಕೆಲವು ಕೆಲಸಗಳಿಗೆ ಒಳ್ಳೇ ಸಾಮಾನು ಅನ್ನೋದೇ ಇಲ್ಲ. 1950ರ ದಶಕದಲ್ಲಿ ದೆಹಲಿ ಸರ್ಕಾರ ತಳ್ಳುಗಾಡಿಗೆ ದುಡ್ಡು ಕೊಟ್ಟಿತು, ಮಲದ ಬುಟ್ಟಿ ತಲೆಯಿಂದ ಗಾಡಿಗೆ ಇಳಿಯಲಿ ಅಂತ. ಗಾಡಿ ಬಂದ ಕಡೆಯೂ ಅದನ್ನು ತಳ್ಳಿದ ಕೈ ಅದೇ ಕೇರಿಯದ್ದು. ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಸರ್ಕಾರದ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನೇ ನಿಷೇಧಿಸಿದರು. ಅದು ಸರಿಯಾದ ದಾರಿ. 1993ರಲ್ಲಿ ಒಂದು ಕಾನೂನು, 2013ರಲ್ಲಿ ಇನ್ನೊಂದು ಕಾನೂನು ಬಂದ ಮೇಲೂ ಮ್ಯಾನ್‌ಹೋಲಿನಲ್ಲಿ ನಮ್ಮ ಹುಡುಗರು ಸತ್ತರು. 2023ರಲ್ಲಿ ಸುಪ್ರೀಂ ಕೋರ್ಟು ಅಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಹೆಣಕ್ಕೆ ಬೆಲೆ ಏರಿದರೆ ಸಾಲದು. 2018ರಲ್ಲೇ ಕೇರಳದಲ್ಲಿ ಮ್ಯಾನ್‌ಹೋಲಿಗೆ ಇಳಿಯೋ ಯಂತ್ರ ಕೆಲಸಕ್ಕೆ ನಿಂತಿದೆ. ಯಂತ್ರ ಇಲ್ಲ ಅನ್ನೋ ನೆಪವೂ ಹೋಯ್ತು. ಗುಂಡಿಗೆ ಇಳಿಯೋನಿಗೆ ಮೆತ್ತನೆ ಹಗ್ಗ, ಒಳ್ಳೇ ಬಕೆಟ್ಟು ಕೊಡ್ತೀವಿ ಅನ್ನೋರಿಗೆ ನಮ್ಮ ಧಿಕ್ಕಾರ.

ನಮ್ಮ ಹಕ್ಕೊತ್ತಾಯಗಳು:

1. ಪೊರಕೆ, ತಳ್ಳುಗಾಡಿ, ಗ್ಲೌಸು, ಬೂಟು ಕೊಳ್ಳುವ ಮುಂಚೆ ಅದನ್ನು ಹಿಡಿಯುವವರ, ತೊಡುವವರ ಕೈಗೆ ಕೊಟ್ಟು ಒಂದು ವಾರ ನೋಡಬೇಕು. ಅವರು ಬೇಡ ಅಂದರೆ ಕೊಳ್ಳಕೂಡದು.

2. ಹೆಂಗಸರ ಅಳತೆಗೆ, ಒಂದಕ್ಕಿಂತ ಹೆಚ್ಚು ಸೈಜಿನಲ್ಲಿ ಸಾಮಾನು ಬರಬೇಕು.

3. ಸಾಮಾನು ಸುಧಾರಿಸಿತು ಅಂತ ಬೀದಿ ಹೆಚ್ಚಿಸಬಾರದು, ಆಳು ಕಡಿಮೆ ಮಾಡಬಾರದು.

4. ಸೊಂಟ ಹೋದವರಿಗೆ ಅದು ಕೆಲಸದಿಂದ ಬಂದ ರೋಗ ಅಂತ ಒಪ್ಪಿ ರಜೆ, ಚಿಕಿತ್ಸೆ ಕೊಡಬೇಕು.

5. ಮಲದ ಗುಂಡಿಗೆ ಮನುಷ್ಯ ಇಳಿಯಬಾರದು. ಇಳಿಸಿದವನು ಜೈಲಿಗೆ ಹೋಗಬೇಕು.

ಮುಂದಿನ ಸಭೆಗೆ ಬರುವಾಗ ನಿಮ್ಮ ನಿಮ್ಮ ಪೊರಕೆ, ಗುದ್ದಲಿ, ಗ್ಲೌಸು ತನ್ನಿ. ಒಂದು ದಾರ ಸಾಕು, ನಾವೇ ಅಳೆಯೋಣ. ಹಿಡಿ ಎಷ್ಟಿದೆ, ಎಷ್ಟಿರಬೇಕಿತ್ತು ಅಂತ ಹೆಸರು ಹೆಸರಾಗಿ ಬರೆದು ಅಧಿಕಾರಿಯ ಮೇಜಿನ ಮೇಲೆ ಇಡೋಣ. ಅವನ ಕುರ್ಚಿ ಏರ್ತದೆ, ಇಳೀತದೆ, ತಿರುಗ್ತದೆ. ಅದರಲ್ಲೇ ಕೂತು ನಮಗೆ ಉತ್ತರ ಹೇಳಲಿ.

ಜೈ ಭೀಮ್